ಹಳೇ ಗ್ಯಾರಂಡ್ ರೈಫಲ್ ತಗೊಂಡು ಜಿಂಕೆ ಬೇಟೆಗೆ ಹೋಗ್ಬಹುದಾ? ಅನುಭವ ಇರೋರು ಹೇಳಿ

ಬಯಲುಸೀಮೆ:

ಎಲ್ರಿಗೂ ನಮಸ್ಕಾರ. ನಾನಿರೋದು ವಿಸ್ಕಾನ್ಸಿನ್‌ನಲ್ಲಿ, ಊರು ಚಿತ್ರದುರ್ಗದ ಕಡೆ, ಗ್ರೀನ್ ಕಾರ್ಡ್ ಬಂದು ಎರಡು ವರ್ಷ ಆಯ್ತು. ಪಕ್ಕದ ಮನೆ ಅಜ್ಜ ಮಗಳ ಮನೆಗೆ ಹೊರಟಿದಾರೆ, ಮನೆ ಖಾಲಿ ಮಾಡ್ತಾ ಅವರ ಹತ್ರ ಇರೋ ಎಂ1 ಗ್ಯಾರಂಡ್ ಅನ್ನೋ ಹಳೇ ಮಿಲಿಟರಿ ರೈಫಲ್ ನಂಗೇ ಕೊಡ್ತೀನಿ ಅಂತಿದಾರೆ, ಜೊತೆಗೆ ಒಂದು ಕಬ್ಬಿಣದ ಡಬ್ಬಿ ತುಂಬ ತೋಟಾನೂ. ಹೋದ ವರ್ಷ ಹಂಟರ್ ಸೇಫ್ಟಿ ಕೋರ್ಸ್ ಮುಗಿಸಿದೀನಿ, ಎರಡು ಸಲ ಅವರ ಜೊತೆ ಕಾಡಲ್ಲಿ ಸುಮ್ನೆ ಕೂತು ಬಂದಿದೀನಿ, ಈಡು ಹೊಡೆದಿಲ್ಲ. ಮನೇಲಿ ಆರು ವರ್ಷದ ಮಗಳಿದಾಳೆ, ಹೆಂಡ್ತಿ ಅರ್ಧ ಮನಸ್ಸಲ್ಲಿ ಒಪ್ಪಿದಾಳೆ. ಈ ರೈಫಲ್ ಜಿಂಕೆಗೆ ಆಗುತ್ತಾ, ತಗೊಳ್ಳೋ ಮುಂಚೆ ಏನೇನು ನೋಡ್ಬೇಕು, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಕಾಫಿಕಾಡು:

ಆಗುತ್ತೆ. ನಂದೂ ಗ್ಯಾರಂಡೇ, ಮಿಷಿಗನ್‌ನ ಉತ್ತರದ ಕಾಡಲ್ಲಿ ಒಂಬತ್ತು ವರ್ಷದಿಂದ ಅದನ್ನೇ ಹೊತ್ಕೊಂಡು ಓಡಾಡ್ತಿದೀನಿ. ಹೊತ್ಕೊಂಡು ಅನ್ನೋ ಮಾತು ಸುಮ್ನೆ ಹೇಳಿದ್ದಲ್ಲ, ಖಾಲಿ ಇದ್ದಾಗಲೇ ನಾಲ್ಕು ಕಾಲು ಕೆಜಿ ಮೇಲೆ ತೂಗುತ್ತೆ, ಹಿಮದಲ್ಲಿ ಎರಡು ಮೈಲಿ ನಡೆದ್ರೆ ಭುಜ ಬೇರೆಯವರದ್ದು ಅನ್ಸುತ್ತೆ.

ನಾನು ಕೊಡಗಿನವನು. ನಮ್ಮನೇಲಿ ಜೋಡುನಳಿಗೆ ಕೋವಿ ಇತ್ತು, ಈಗ್ಲೂ ಇದೆ, ಕೈಲ್ ಮುಹೂರ್ತಕ್ಕೆ ತೊಳೆದು ಒರೆಸಿ ನಳಿಗೆಗೆ ತೋಕ್ ಪೂ, ಅಂದ್ರೆ ಕೋವಿ ಹೂವು, ಸಿಕ್ಕಿಸಿ ಪೂಜೆ ಮಾಡ್ತೀವಿ, ಲೈಸನ್ಸ್ ವಿನಾಯ್ತಿ ಇದೆ, ಆದ್ರೆ ಅದು ಇಟ್ಕೊಳ್ಳೋಕೆ ಮಾತ್ರ, 1972ರ ವನ್ಯಜೀವಿ ಕಾಯ್ದೆ ಬಂದ್ಮೇಲೆ ಅಲ್ಲಿ ಶಿಕಾರಿ ಅನ್ನೋದು ಅಜ್ಜಂದಿರ ಬಾಯಲ್ಲಿ ಉಳ್ಕೊಂಡಿರೋ ಕತೆ. ಹಾಗಾಗಿ ಕೋವಿ ಗೊತ್ತಿದೆ ಅನ್ನೋ ಜಂಬದಲ್ಲಿ ಇಲ್ಲಿಗೆ ಬಂದೆ. ಗ್ಯಾರಂಡ್ ಥರ ಪ್ರತಿ ಈಡಿಗೂ ತಾನೇ ಮುಂದಿನ ತೋಟಾ ಏರಿಸ್ಕೊಳ್ಳೋ ಸೆಮಿ ಆಟೋಮ್ಯಾಟಿಕ್ ಕೈಗೆ ಬಂದಾಗ್ಲೇ ಏನೂ ಗೊತ್ತಿಲ್ಲ ಅಂತ ಗೊತ್ತಾಗಿದ್ದು.

ಮೊದಲು ಆ ಡಬ್ಬಿ ತೋಟಾದ ವಿಷಯ. ಅದನ್ನ ಜಿಂಕೆಗೆ ಹಾಕ್ಬೇಡಿ. ಮಿಲಿಟರಿ ತೋಟಾ ಆಗಿದ್ರೆ ಗುಂಡು ಪೂರ್ತಿ ತಾಮ್ರದ ಹೊದಿಕೆಯದ್ದು, ಒಳಗೆ ಹೋಗಿ ಅರಳಲ್ಲ, ಸೂಜಿ ತೂರಿದ ಹಾಗೆ ಆಚೆ ಹೋಗುತ್ತೆ, ಪ್ರಾಣಿ ಓಡಿ ಎಲ್ಲೋ ಬಿದ್ದು ನರಳಿ ಸಾಯುತ್ತೆ, ಬಹಳ ರಾಜ್ಯಗಳಲ್ಲಿ ಕಾನೂನೂ ಒಪ್ಪಲ್ಲ. ಇನ್ನೊಂದು, ಎರಡನೇ ಮಹಾಯುದ್ಧದ ಕಾಲದ ತೋಟಾ ಆದ್ರೆ ಪುಡಿಗೆ ಕಿಡಿ ಹಚ್ಚೋ ಪ್ರೈಮರ್‌ನಲ್ಲಿ ಉಪ್ಪಿನ ಅಂಶ ಇರುತ್ತೆ, ಹೊಡೆದ ದಿನವೇ ನೀರು ಹಾಕಿ ತೊಳೆದು ಒಣಗಿಸಿ ಎಣ್ಣೆ ಹಚ್ಚದಿದ್ರೆ ನಳಿಗೆ ತುಕ್ಕು ಹಿಡಿಯುತ್ತೆ. ಬರೀ ಎಣ್ಣೆಯಲ್ಲಿ ಆ ಉಪ್ಪು ಹೋಗಲ್ಲ.

ಹಾಗಂತ ಅಂಗಡಿಗೆ ಹೋಗಿ ಇದರ ತೋಟಾ ಅಳತೆ ಹೇಳಿ ".30-06 ಕೊಡಿ" ಅಂದು ಸಿಕ್ಕಿದ್ದು ತಂದು ಹಾಕೋ ಹಾಗೂ ಇಲ್ಲ, ಎಲ್ರೂ ಎಡವೋದು ಇಲ್ಲೇ. ಗ್ಯಾರಂಡ್‌ನಲ್ಲಿ ನಳಿಗೆ ತುದಿ ಹತ್ರ ಒಂದು ಸಣ್ಣ ತೂತಿದೆ, ಗುಂಡು ಅದನ್ನ ದಾಟಿದ ಮೇಲೆ ಹಿಂದಿರೋ ಗ್ಯಾಸ್ ಆ ತೂತಿಂದ ಇಳಿದು ಆಪರೇಟಿಂಗ್ ರಾಡ್ ಅನ್ನೋ ಉದ್ದನೇ ಸರಳನ್ನ ಹಿಂದಕ್ಕೆ ತಳ್ಳುತ್ತೆ, ಅದೇ ನಳಿಗೆಯ ಹಿಂಬದಿ ಮುಚ್ಚಿರೋ ಬೋಲ್ಟ್ ತೆಗೆದು ಖಾಲಿ ಕೇಸ್ ಎಸೆದು ಮುಂದಿನ ತೋಟಾ ಏರಿಸೋದು. ಈ ಬಂದೂಕನ್ನ ಅಮೆರಿಕ ಸೈನ್ಯ ಒಪ್ಪಿಕೊಂಡಿದ್ದು 1936ರಲ್ಲಿ, ಇದು ಹೊಂದೋದು ಯುದ್ಧಕಾಲದ 150 ಗ್ರೇನ್ (ಗುಂಡಿನ ತೂಕದ ಅಳತೆ) ಆಸುಪಾಸಿನ ತೋಟಾಕ್ಕೆ. ಈಗಿನ ಬೇಟೆ ತೋಟಾದಲ್ಲಿ, ಅದರಲ್ಲೂ 180 ಗ್ರೇನ್ ಭಾರದ್ದರಲ್ಲಿ, ನಿಧಾನಕ್ಕೆ ಉರಿಯೋ ಪುಡಿ ಇರುತ್ತೆ, ಗುಂಡು ಆ ತೂತಿನ ಹತ್ರ ಬಂದಾಗ್ಲೂ ಒತ್ತಡ ಜೋರಾಗೇ ಇರುತ್ತೆ, ರಾಡ್ ಪಟಾರಂತ ಹಿಂದಕ್ಕೆ ಹೊಡೆಯುತ್ತೆ. ಹಾಗೇ ಹೊಡೀತಾ ಹೋದ್ರೆ ರಾಡ್ ಬಾಗಿಹೋಗ್ಬಹುದು.

ನಮ್ಮ ಮಾವ ಸೈನ್ಯದಲ್ಲಿ ಎಸ್‌ಎಲ್‌ಆರ್ ಅನ್ನೋ ರೈಫಲ್ ಹೊತ್ತವರು, ಅವರಿಗೆ ವೀಡಿಯೋ ಕಾಲಲ್ಲಿ ತೋರಿಸಿದಾಗ ಮೊದಲು ಕೇಳಿದ್ದೇ "ಗ್ಯಾಸ್ ಎಲ್ಲಿ ತಿರುಗಿಸೋದು?" ಅಂತ. ಎಸ್‌ಎಲ್‌ಆರ್‌ನಲ್ಲಿ ಗ್ಯಾಸ್ ಹೆಚ್ಚು ಕಮ್ಮಿ ಮಾಡೋ ವ್ಯವಸ್ಥೆ ಇದೆ, ಇದರಲ್ಲಿ ಇಲ್ಲ. ಅದಕ್ಕೇ ಅಡ್ಜಸ್ಟಬಲ್ ಗ್ಯಾಸ್ ಪ್ಲಗ್ ಅಂತ ಬೇರೆ ಸಿಗುತ್ತೆ, ಮುಂದಿರೋ ಪ್ಲಗ್ ಬಿಚ್ಚಿ ಅದನ್ನ ಹಾಕೋದು ಅಷ್ಟೇ, ದೊಡ್ಡ ಖರ್ಚಲ್ಲ. ನಾನು 150 ಗ್ರೇನ್ ಸಾಫ್ಟ್ ಪಾಯಿಂಟ್, ಅಂದ್ರೆ ಮೂತಿ ಮೆತ್ತಗಿದ್ದು ಒಳಗೆ ಹೋಗಿ ಅರಳೋ ಗುಂಡಿನ ಜೊತೆ ಅದನ್ನೇ ಹಾಕಿದೀನಿ. ಪೂರ್ತಿ ತೆರೆದಿಟ್ಟು ಶುರು ಮಾಡಿ, ಬೋಲ್ಟ್ ಪೂರ್ತಿ ಹಿಂದೆ ಹೋಗಿ ಖಾಲಿ ಕೇಸ್ ಎಸೀತಾ ಮುಂದಿನ ತೋಟಾನ ಪ್ರತಿ ಸಲ ಸರಿಯಾಗಿ ಏರಿಸೋವರೆಗೂ ಸ್ವಲ್ಪ ಸ್ವಲ್ಪ ಮುಚ್ತಾ ಬನ್ನಿ, ಅಲ್ಲಿಗೆ ನಿಲ್ಲಿಸಿ.

ತಗೊಳ್ಳೋ ಮುಂಚೆ ಒಬ್ಬ ಗನ್‌ಸ್ಮಿತ್‌ಗೆ ತೋರಿಸಿ, ಹೆಡ್‌ಸ್ಪೇಸ್ ಗೇಜ್ ಹಾಕಿ ಬೋಲ್ಟ್ ಮುಚ್ಚಿದಾಗ ತೋಟಾ ಕೂರೋ ಜಾಗದ ಅಳತೆ ಸರಿ ಇದ್ಯಾ ನೋಡೋಕೆ ಹೇಳಿ, ಜೊತೆಗೆ ನಳಿಗೆಯ ಎರಡೂ ತುದಿ ಎಷ್ಟು ಸವೆದಿದೆ ಅಂತ. ಈ ಬಂದೂಕನ್ನ ಹಿಂದಿಂದ ಕ್ಲೀನ್ ಮಾಡೋಕೆ ಆಗಲ್ಲ, ಕ್ಲೀನಿಂಗ್ ರಾಡನ್ನ ನಳಿಗೆ ಬಾಯಿ ಕಡೆಯಿಂದಲೇ ತೂರಿಸ್ಬೇಕು, ಸಿಪಾಯಿಗಳು ದಿನಾ ಉಕ್ಕಿನ ರಾಡ್ ಉಜ್ಜಿ ಉಜ್ಜಿ ಬಾಯಿ ಸವೆಸಿರ್ತಾರೆ. ಹೊರಗೆ ಗೀರು, ಮರದ ಮೇಲೆ ಕಲೆ, ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ. ಹಿಡಿ ಒಣಗಿದ್ರೆ ಅಗಸೆ ಎಣ್ಣೆ ಬಟ್ಟೇಲಿ ತಿಕ್ಕಿ, ಆ ವಾಲ್‌ನಟ್ ಮರ ಹಳೇ ಮನೆ ಬಾಗಿಲಿನ ಬಣ್ಣಕ್ಕೆ ಬರುತ್ತೆ.

ಇನ್ನು ಹೆಬ್ಬೆಟ್ಟು. ತೋಟಾ ಎಂಟರ ಕ್ಲಿಪ್ಪಾಗಿ ಮೇಲಿಂದ ಒತ್ತಿ ಹಾಕೋದು, ಬೋಲ್ಟ್ ತಾನಾಗೇ ಮುಂದೆ ನುಗ್ಗುತ್ತೆ. ಅಂಗೈ ಅಂಚಲ್ಲಿ ಬೋಲ್ಟ್ ಎಳೆಯೋ ಹ್ಯಾಂಡಲ್ ತಡೆದು ಹಿಡ್ಕೊಂಡೇ ಹೆಬ್ಬೆಟ್ಟು ಒಳಗೆ ಹಾಕಿ. ತೋಟಾ ಇಲ್ದೆ ಸುಮ್ನೆ ಬೋಲ್ಟ್ ಮುಚ್ಚೋವಾಗ್ಲೇ ಜಾಸ್ತಿ ಜನ ಕಚ್ಚಿಸ್ಕೊಳ್ಳೋದು.

ನಮ್ಮಲ್ಲಿ ಬೇಟೆಗೆ ಸೆಮಿ ಆಟೋದಲ್ಲಿ ಆರಕ್ಕಿಂತ ಜಾಸ್ತಿ ತೋಟಾ ಹಿಡಿಯೋ ಹಾಗಿಲ್ಲ, ನಳಿಗೇಲಿ ಇರೋದೂ ಸೇರಿ. ಅದಕ್ಕೆ ಐದರ ಕ್ಲಿಪ್ ಸಿಗುತ್ತೆ. ನಿಮ್ಮ ರಾಜ್ಯದ ರೂಲ್ಸ್ ಆ ವರ್ಷದ್ದೇ ಓದ್ಕೊಳ್ಳಿ. ನಿಜ ಹೇಳ್ಬೇಕಂದ್ರೆ ಒಂಬತ್ತು ವರ್ಷದಲ್ಲಿ ಒಂದೇ ಜಿಂಕೆಗೆ ಎರಡನೇ ಈಡು ಬೇಕಾಗಿದ್ದು ಒಂದೇ ಸಲ.

ಸೊಪ್ಪುಸಾರು:

ನಾನು ಉಲ್ಟಾ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಗ್ಯಾರಂಡ್ ತಗೊಳ್ಳಿ, ಇಟ್ಕೊಳ್ಳಿ, ರೇಂಜಲ್ಲಿ ಹೊಡೀರಿ, ಮೊದಲ ಜಿಂಕೆಗೆ ಮಾತ್ರ ಪ್ರತಿ ಈಡಿಗೂ ಕೈಯಲ್ಲೇ ಬೋಲ್ಟ್ ಎಳೆಯೋ ಒಂದು ಸಾದಾ ಬೋಲ್ಟ್ ಆಕ್ಷನ್ ಸೆಕೆಂಡ್ ಹ್ಯಾಂಡ್ ತಗೊಂಡು ಸ್ಕೋಪ್ ಹಾಕ್ಕೊಂಡು ಹೋಗಿ. ಗ್ಯಾರಂಡ್‌ಗೆ ಸ್ಕೋಪ್ ಕೂರಿಸೋದೇ ತಲೆನೋವು, ಕ್ಲಿಪ್ ಮೇಲಿಂದ ಹೋಗೋದ್ರಿಂದ ಸ್ಕೋಪ್ ಎಡಕ್ಕೆ ಸರಿದು ಕೂರ್ಬೇಕು. ಇರೋ ಸೈಟ್‌ನಲ್ಲಿ ಒಂದು ಸಣ್ಣ ತೂತಲ್ಲಿ ಕಣ್ಣಿಡೋದು, ಮಧ್ಯಾಹ್ನ ಚೆನ್ನಾಗಿರುತ್ತೆ, ಆದ್ರೆ ಜಿಂಕೆ ಮಧ್ಯಾಹ್ನ ಬರಲ್ಲ ಸ್ವಾಮಿ, ಸೂರ್ಯ ಹುಟ್ಟೋ ಹೊತ್ತಿಗೆ ಮತ್ತೆ ಮುಳುಗೋ ಹೊತ್ತಿಗೆ ಬರೋದು, ಆಗ ಆ ತೂತಲ್ಲಿ ಬೂದಿ ಬಣ್ಣದ ಮಬ್ಬು ಬಿಟ್ರೆ ಏನೂ ಕಾಣಲ್ಲ.

ಇನ್ನೊಂದು ನಂಗೇ ಆಗಿದ್ದು. ಸ್ನೇಹಿತರ ಗ್ಯಾರಂಡ್ ಕೇಳಿ ತಗೊಂಡು ಅಟ್ಟಣೆ ಮೇಲೆ ಕೂತಿದ್ದೆ, ಅರವತ್ತು ಗಜದಲ್ಲಿ ಒಂದು ಹೆಣ್ಣು ಜಿಂಕೆ, ಗಾಳಿ ಇಲ್ಲ, ಎಲೆ ಬಿದ್ರೂ ಕೇಳ್ಸುತ್ತೆ. ಇದರ ಸೇಫ್ಟಿ ಟ್ರಿಗರ್ ಗಾರ್ಡ್‌ನ ಮುಂದಿದೆ, ಬೆರಳಲ್ಲಿ ಒಳಗಿಂದ ಮುಂದಕ್ಕೆ ತಳ್ಬೇಕು. ತಳ್ಳಿದೆ. ಟಕ್. ಚರ್ಚ್ ಬಾಗಿಲು ಚಿಲಕ ತೆಗ್ದ ಹಾಗೆ. ಅದು ತಲೆ ಎತ್ತಿ ನೇರ ನನ್ನೇ ನೋಡ್ತು, ಮುಂಗಾಲು ಒಂದು ಸಲ ನೆಲಕ್ಕೆ ಕುಟ್ಟಿ, ಬಿಳಿ ಬಾಲ ಎತ್ಕೊಂಡು ಮಾಯ.

ಕಾಫಿಕಾಡು:

@ಸೊಪ್ಪುಸಾರು ಹಹಹ ಅದು ನಿಜ ಮಾರಾಯ್ರೆ. ಸೇಫ್ಟಿನ ಹೆಬ್ಬೆಟ್ಟು ತೋರುಬೆರಳ ಮಧ್ಯೆ ಚಿವುಟಿ ಹಿಡಿದು ನಿಧಾನಕ್ಕೆ ಮುಂದೆ ಬಿಡ್ಬೇಕು, ಮಧ್ಯೆ ಟ್ರಿಗರ್ ಹತ್ರ ಬೇರೆ ಬೆರಳು ಸುಳಿಯಬಾರ್ದು. ಮನೇಲಿ ಖಾಲಿ ಬಂದೂಕಲ್ಲಿ ನೂರು ಸಲ ಮಾಡಿ ರೂಢಿ ಮಾಡ್ಕೊಂಡೆ. ಮಬ್ಬಿನ ಮಾತೂ ಒಪ್ದೆ, ನಾನು ಬೆಳಕು ಸರಿಯಾಗಿ ಬರೋವರೆಗೂ ಹೊಡೆಯಲ್ಲ, ನೂರು ಗಜ ದಾಟಿದ್ರೂ ಹೊಡೆಯಲ್ಲ. ಹೀಗಾಗಿ ಎರಡು ವರ್ಷ ಬರಿಗೈ.

ಮಂಜಿನೂರು:

ಪೆನ್ಸಿಲ್ವೇನಿಯಾದಿಂದ. ಇಲ್ಲಿರೋ ಕನ್ನಡದೋರು ಈ ಮಾತು ಓದಿ ಗ್ಯಾರಂಡ್ ಎತ್ಕೊಂಡು ಹೊರಟುಬಿಟ್ಟೀರ, ನಮ್ಮ ರಾಜ್ಯದಲ್ಲಿ ಜಿಂಕೆಗೆ ಸೆಮಿ ಆಟೋ ರೈಫಲ್ ನಡೆಯಲ್ಲ. 2017ರಲ್ಲಿ ಸಣ್ಣ ಪ್ರಾಣಿಗಳಿಗೆ, ಗುಳ್ಳೆನರಿ ಥರದ್ದಕ್ಕೆ ಬಿಟ್ರು, ಜಿಂಕೆಗೆ ಬಿಡ್ಲಿಲ್ಲ. ನಾನು ಅದಕ್ಕೇ ಪಕ್ಕದ ವೆಸ್ಟ್ ವರ್ಜಿನಿಯಾಗೆ ಹೋಗೋದು, ಹೊರ ರಾಜ್ಯದೋರ ಲೈಸನ್ಸ್ ದುಬಾರಿ.

H ಅನ್ನೋ ಮುದ್ರೆ ಪಾಸ್‌ಪೋರ್ಟಲ್ಲಿ ಇರೋರಿಗೂ ಒಂದು ಮಾತು, ಅಂದ್ರೆ ಎಚ್1ಬಿ ಹುಡುಗ್ರಿಗೆ. ಫೆಡರಲ್ ಕಾನೂನಲ್ಲಿ ವೀಸಾ ಮೇಲಿರೋರು ಬಂದೂಕು ಇಟ್ಕೊಳ್ಳೋ ಹಾಗೇ ಇಲ್ಲ, ವಿನಾಯ್ತಿಗಳಲ್ಲಿ ನಮ್ಮಂಥೋರಿಗೆ ಸಿಗೋದು ಒಂದೇ, ಚಾಲ್ತಿಯಲ್ಲಿರೋ ಹಂಟಿಂಗ್ ಲೈಸನ್ಸ್. ಚಾಲ್ತಿಯಲ್ಲಿರೋ ಅನ್ನೋದನ್ನ ಎರಡು ಸಲ ಓದಿ. ನಾನು ಎಚ್1ಬಿಯಲ್ಲಿದ್ದಾಗ ಬೇಟೆಗೆ ಹೋಗದ ವರ್ಷವೂ ತಪ್ಪದೆ ಲೈಸನ್ಸ್ ಮಾಡಿಸ್ತಿದ್ದೆ, ಅದು ಮುಗಿದ ದಿನ ಮನೇಲಿ ಬಂದೂಕು ಇದ್ರೆ ಅದೇ ಅಪರಾಧ, ಮುಂದೆ ಗ್ರೀನ್ ಕಾರ್ಡಿಗೂ ಕುತ್ತು. ಬಯಲುಸೀಮೆ ಅವರೇ ನಿಮಗೆ ಗ್ರೀನ್ ಕಾರ್ಡ್ ಇದೆ, ಈ ತೊಂದ್ರೆ ಇಲ್ಲ. ಆದ್ರೂ ಅಜ್ಜನ ಕೈಯಿಂದ ನೇರ ತಗೊಳ್ಳೋ ಬದ್ಲು ಇಬ್ರೂ ಒಬ್ಬ ಲೈಸನ್ಸ್ ಇರೋ ಡೀಲರ್ ಹತ್ರ ಹೋಗಿ ಬ್ಯಾಕ್‌ಗ್ರೌಂಡ್ ಚೆಕ್ ಮಾಡಿಸಿ ಕಾಗದದ ಮೇಲೆ ತಗೊಳ್ಳಿ. ನಮ್ಮಂಥೋರಿಗೆ ಕಾಗದ ಇದ್ರೇ ನಿದ್ದೆ.

ಮತ್ತೆ ಮಗು ಇರೋ ಮನೆ. ಕಬ್ಬಿಣದ ಬೀರು, ತೋಟಾ ಬೇರೆ ಕಡೆ ಬೀಗದಲ್ಲಿ, ಬೀಗದ ಕೈ ನಿಮ್ಮ ಹತ್ರ. ಇದರಲ್ಲಿ ಚರ್ಚೆ ಇಲ್ಲ.

ಹುಣಸೆತೋಪು:

ಟೆಕ್ಸಾಸ್‌ನಿಂದ ಒಂದು ತಮಾಷೆ ಸೇರಿಸ್ತೀನಿ. ಇಲ್ಲಿ ಹಿಲ್ ಕಂಟ್ರಿ ಅಂತ ಗುಡ್ಡಗಾಡು ಇದೆ, ಅಲ್ಲಿ ನಮ್ಮ ಬಂಡೀಪುರದ ಚುಕ್ಕೆ ಜಿಂಕೆನೇ ಹಿಂಡು ಹಿಂಡಾಗಿ ಮೇಯುತ್ತೆ! 1932ರಲ್ಲಿ ತಂದು ಬಿಟ್ಟಿದ್ದಂತೆ, ಈಗ ಬೇಲಿ ದಾಟಿ ಎಲ್ಲ ಕಡೆ ಆಗಿದೆ. ಹೊರಗಿಂದ ಬಂದ ಪ್ರಾಣಿ ಅಂತ ಸೀಸನ್ನೂ ಇಲ್ಲ, ಲೆಕ್ಕನೂ ಇಲ್ಲ, ಜಮೀನು ಮಾಲೀಕ ಒಪ್ಪಿ ನಿಮ್ಮ ಹತ್ರ ಲೈಸನ್ಸ್ ಇದ್ರೆ ವರ್ಷವಿಡೀ ಹೊಡೀಬಹುದು. ಊರಲ್ಲಿ ಅದರ ಒಂದು ಕೊಂಬು ಮನೇಲಿ ಸಿಕ್ರೆ ಅರಣ್ಯ ಇಲಾಖೆ ಜೀಪ್ ಬರುತ್ತೆ, ಇಲ್ಲಿ ಅದನ್ನೇ ಬರ್ಗರ್ ಮಾಡಿ ಮಾರ್ತಾರೆ. ಮೊದಲ ಸಲ ಸೈಟ್‌ನಲ್ಲಿ ಆ ಚುಕ್ಕೆ ಕಂಡಾಗ ಕೈ ಬರ್ಲಿಲ್ಲ ನಂಗೆ, ಸ್ಕೂಲ್ ಟ್ರಿಪ್ಪಲ್ಲಿ ಬಸ್ ಕಿಟಕಿಯಿಂದ ನೋಡಿದ್ದು ಜ್ಞಾಪಕ ಬಂತು. ಜೊತೆಗಿದ್ದ ಟೆಕ್ಸಾಸ್ ದೋಸ್ತ್‌ಗೆ ಅರ್ಥ ಆಗ್ಲಿಲ್ಲ. ಆಮೇಲೆ ಹೊಡೆದೆ, ಅದು ಬೇರೆ ಮಾತು.

ಮಾಂಸದ ವಿಷಯ: ನಿಮ್ಮ ವಿಸ್ಕಾನ್ಸಿನ್‌ನಲ್ಲಿ 2002ರಿಂದ ಸಿಡಬ್ಲ್ಯುಡಿ ಅನ್ನೋ ಜಿಂಕೆ ಮೆದುಳಿನ ಕಾಯಿಲೆ ಇದೆ. ಇಲಾಖೆಯವ್ರು ಬಿಟ್ಟಿಯಾಗಿ ಟೆಸ್ಟ್ ಮಾಡ್ಕೊಡ್ತಾರೆ, ರಿಸಲ್ಟ್ ಬರೋವರೆಗೂ ಫ್ರೀಜರ್‌ನಲ್ಲಿಡಿ, ತಿನ್ಬೇಡಿ. ಬೆನ್ನುಹುರಿ ಕೊಯ್ಯದೆ ಮೂಳೆಯಿಂದ ಬಾಡು ಬಿಡಿಸ್ಕೊಳ್ಳಿ.

ಕಾಫಿಕಾಡು:

ಅದರಲ್ಲಿ ಕೊಬ್ಬು ಅನ್ನೋದೇ ಇಲ್ಲ, ಕುರಿ ಥರ ಬೇಯಿಸಿದ್ರೆ ಚಪ್ಪಲಿ ಆಗುತ್ತೆ. ನಾನು ಹಂದಿ ಕೊಬ್ಬು ಒಂದಿಷ್ಟು ಸೇರಿಸಿ, ಹುರಿದ ಕಪ್ಪು ಮಸಾಲೆ, ಕೊನೇಲಿ ಎರಡು ಚಮಚ ಕಾಚಂಪುಳಿ, ನಮ್ಮ ಕೊಡಗಿನ ಕಪ್ಪು ಹುಳಿ. ಅಮ್ಮ ಊರಿಂದ ಪ್ರತಿ ಸಲ ಒಂದು ಬಾಟ್ಲಿ ಕಳಿಸೋದು ಇದಕ್ಕೇ, ಸೂಟ್‌ಕೇಸಲ್ಲಿ ಸೋರಿ ನನ್ನ ಎರಡು ಬಿಳಿ ಶರ್ಟ್ ಹೋಗಿದೆ.

ಬಯಲುಸೀಮೆ:

ಎಲ್ರಿಗೂ ಥ್ಯಾಂಕ್ಸ್, ಇವತ್ತು ಹೋಗಿ ನೋಡ್ಕೊಂಡು ಬಂದೆ. ಡೀಲರ್ ಕಡೆಯಿಂದಲೇ ಆಗ್ಲಿ ಅಂತ ಅಜ್ಜನೂ ಒಪ್ಪಿದ್ರು, ಗನ್‌ಸ್ಮಿತ್‌ಗೆ ಶನಿವಾರ ತೋರಿಸ್ತೀವಿ. ಡಬ್ಬಿ ತೆಗೆದು ನೋಡಿದ್ರೆ @ಕಾಫಿಕಾಡು ಹೇಳಿದ ಹಾಗೇ ಪೂರ್ತಿ ತಾಮ್ರದ ಮೂತಿ, ಅದನ್ನ ರೇಂಜಿಗೆ ಅಂತ ಎತ್ತಿಟ್ಟಿದೀನಿ, ಗ್ಯಾಸ್ ಪ್ಲಗ್ ಆರ್ಡರ್ ಮಾಡಿದೀನಿ. ಈ ನವೆಂಬರ್‌ಗೆ ಬೋಲ್ಟ್ ಆಕ್ಷನ್ನಾ ಇದೇನಾ ಇನ್ನೂ ತೀರ್ಮಾನ ಮಾಡಿಲ್ಲ, ರೇಂಜಲ್ಲಿ ಐವತ್ತು ಗಜಕ್ಕೆ ಊಟದ ತಟ್ಟೆ ಅಗಲದೊಳಗೆ ಬಿದ್ರೆ ಇದೇ.

ಅಜ್ಜ ಖಾಲಿ ಬಂದೂಕು ಕೈಗೆ ಕೊಟ್ಟು ಬೋಲ್ಟ್ ಮುಚ್ಚು ಅಂದ್ರು. ನೀವೆಲ್ಲ ಅಷ್ಟು ಹೇಳಿದ್ರಲ್ಲ, ಹ್ಯಾಂಡಲ್ ತಡೆದು ಹಿಡ್ಕೊಂಡೇ ಇದ್ದೆ, ಆ ಕ್ಷಣಕ್ಕೆ ಮಗಳು "ಅಪ್ಪಾ" ಅಂತ ಬಾಗಿಲಿಂದ ಕೂಗಿದ್ಲು, ತಿರುಗಿದೆ. ಈಗ ಇದನ್ನ ಎಡಗೈಯಲ್ಲಿ ಟೈಪ್ ಮಾಡ್ತಿದೀನಿ.