ಸೈಡ್‌ಬಾರ್‌ನಿಂದ ತೆಗೆದ ಫೋಲ್ಡರ್‌ಗಳು ಮತ್ತೆ ಮತ್ತೆ ಬರುತ್ತಿವೆ, ಪರಿಹಾರ ಬೇಕು

ಬೇಸತ್ತವಳು
ಅಪ್ಪನ ಲಿನಕ್ಸ್ ಕಂಪ್ಯೂಟರ್‌ನಲ್ಲಿ ಫೈಲ್ ಮ್ಯಾನೇಜರ್ ಸರಳ ಮಾಡಲು ಹೊರಟು ತಲೆ ಕೆಟ್ಟುಹೋಗಿದೆ. ಅವರಿಗೆ ಬೇಕಾದದ್ದು ಮೂರೇ ಜಾಗ: ಫೋಟೋ, ಡಾಕ್ಯುಮೆಂಟ್ಸ್, ಪೆನ್‌ಡ್ರೈವ್. ಉಳಿದದ್ದನ್ನೆಲ್ಲ ಎಡಪಟ್ಟಿಯಿಂದ ತೆಗೆದೆ. ಟೂಲ್‌ಬಾರ್‌ನಲ್ಲಿ ಹಿಂದಕ್ಕೆ ಹೋಗುವ ಬಾಣ ಮತ್ತು ಹುಡುಕುವ ಗುಂಡಿ ಬಿಟ್ಟರೆ ಏನೂ ಇಲ್ಲ. ಮೆನು ಬಾರ್ ಕೂಡ ಮರೆಮಾಡಿದ್ದೇನೆ. ನಾನು ತೆರೆದಾಗ ಎಲ್ಲವೂ ಸರಿ. ಅಪ್ಪ ಕರೆದು ತೋರಿಸುವಾಗ ಮಾತ್ರ ಮ್ಯೂಸಿಕ್, ವಿಡಿಯೋಸ್, ಡೌನ್‌ಲೋಡ್ಸ್ ಎಲ್ಲ ಸಾಲಾಗಿ ವಾಪಸ್ ಬಂದು ಕೂತಿರುತ್ತವೆ. ಇದನ್ನು ಶಾಶ್ವತವಾಗಿ ತೊಲಗಿಸುವುದು ಹೇಗೆ? ಅಪ್‌ಡೇಟ್ ಮಾಡಿ ಎಂದು ದಯವಿಟ್ಟು ಯಾರೂ ಹೇಳಬೇಡಿ, ಮಾಡಿಯಾಗಿದೆ.

ಕೀಲಿಮಣೆ
ಯಾವ ಫೈಲ್ ಮ್ಯಾನೇಜರ್, ಯಾವ ಡೆಸ್ಕ್‌ಟಾಪ್? ಅದನ್ನೇ ಬರೆದಿಲ್ಲವಲ್ಲ.

ಹಳೇಹುಲಿ
ಮೆನು ಬಾರ್ ಮರೆಮಾಡಲು ಬಂದಿದೆ ಎಂದರೆ ಅದು ಡಾಲ್ಫಿನ್ ಎಂಬ ಫೈಲ್ ಮ್ಯಾನೇಜರ್. ಕಂಟ್ರೋಲ್+ಎಂ ಒತ್ತಿರುತ್ತಾರೆ. ಇದು ನನಗೆ ಚೆನ್ನಾಗಿ ಗೊತ್ತಿರುವ ರೋಗ. ಎರಡು ಕಿಟಕಿ ತೆರೆದಿಟ್ಟು ಒಂದರಲ್ಲಿ ಬದಲಾವಣೆ ಮಾಡುತ್ತಾರೆ, ಕೊನೆಗೆ ಮುಚ್ಚಿದ ಕಿಟಕಿ ತನ್ನ ಹಳೆಯ ಸ್ಥಿತಿಯನ್ನೇ ಬರೆದುಬಿಡುತ್ತದೆ. ಎಲ್ಲ ಕಿಟಕಿಗಳನ್ನು ಮುಚ್ಚಿ ಆ ಸ್ಥಿತಿ ಬರೆದಿಡುವ ಡಾಲ್ಫಿನ್‌ಸ್ಟೇಟ್‌ಆರ್‌ಸಿ ಫೈಲ್ ಅಳಿಸಿ, ಮೊದಲಿನಿಂದ ಸೆಟ್ ಮಾಡಿ.

ಕೀಲಿಮಣೆ
ಕಂಟ್ರೋಲ್+ಎಂ ಥುನಾರ್ ಎಂಬ ಇನ್ನೊಂದು ಫೈಲ್ ಮ್ಯಾನೇಜರ್‌ನಲ್ಲೂ ಇದೆ. ನೀಮೋದಲ್ಲೂ ಮೆನು ಬಾರ್ ಮರೆಮಾಡಬಹುದು. ಊಹೆಯ ಮೇಲೆ ಫೈಲ್ ಅಳಿಸಲು ಹೇಳಬೇಡಿ ಸರ್.

ಬೇಸತ್ತವಳು
ಡಾಲ್ಫಿನ್ನೇ. ಡೆಸ್ಕ್‌ಟಾಪ್ ಕೆಡಿಇಯ ಪ್ಲಾಸ್ಮಾ. ಅದೂ ಹೇಳಬೇಕೆಂದು ತಿಳಿದಿರಲಿಲ್ಲ. ಆ ಫೈಲ್ ಅಳಿಸಿದೆ, ಮತ್ತೆ ಎಲ್ಲವನ್ನೂ ಹೊಂದಿಸಿದೆ. ಸಂಜೆ ಅಪ್ಪನ ಬಳಿ ಅದೇ ಕಥೆ.

ಹಳೇಹುಲಿ
ಹಾಗಾದರೆ ಅಳಿಸುವಾಗ ಎಲ್ಲೋ ಒಂದು ಕಿಟಕಿ ತೆರೆದಿತ್ತು. ಲಾಗ್‌ಔಟ್ ಮಾಡಿ, ಟರ್ಮಿನಲ್‌ನಿಂದ ಅಳಿಸಿ. ಹೊಂದಿಸಿದ ಮೇಲೆ ಫೈಲ್ ಅನ್ನು ಓದಲು ಮಾತ್ರ ಬರುವಂತೆ ಮಾಡಿ.

ಕಿಂಡಿ
ಸ್ಟೇಟ್ ಫೈಲ್‌ನಲ್ಲಿ ಇರುವುದು ಕಿಟಕಿಯ ಅಳತೆ, ಯಾವ ಪ್ಯಾನಲ್ ತೆರೆದಿದೆ ಇತ್ಯಾದಿ. ಎಡಪಟ್ಟಿಯ ಜಾಗಗಳು ಅದರಲ್ಲಿ ಇಲ್ಲವೇ ಇಲ್ಲ. ಅವು ಯೂಸರ್-ಪ್ಲೇಸಸ್ ಎಂಬ ಬೇರೆ ಫೈಲ್‌ನಲ್ಲಿವೆ. ಬೇಸತ್ತವಳು ಅವರೇ, ಒಂದೊಂದನ್ನೂ ಬಲ ಕ್ಲಿಕ್ ಮಾಡಿ 'ಹೈಡ್' ಕೊಟ್ಟಿರಾ, ಇಲ್ಲ ಎಫ್9 ಒತ್ತಿ ಇಡೀ ಪ್ಯಾನಲ್ ಮುಚ್ಚಿದಿರಾ?

ಬೇಸತ್ತವಳು
ಹೈಡ್. 'ರಿಮೋಟ್', 'ರೀಸೆಂಟ್' ಎಂಬ ಗುಂಪುಗಳಿಗೆ ಹೈಡ್ ಸೆಕ್ಷನ್. ಪ್ಯಾನಲ್ ಬೇಕು, ಪೆನ್‌ಡ್ರೈವ್ ಹೊರತೆಗೆಯುವ ಗುರುತು ಅಲ್ಲಿಯೇ ಇರುವುದು.

ಎಫ್ ಮೂರು
ನಡುವೆ ಬಾಯಿ ಹಾಕುತ್ತಿದ್ದೇನೆ. ಇಷ್ಟೆಲ್ಲ ಕತ್ತರಿಸುವ ಬದಲು ಗ್ನೋಮ್ ಡೆಸ್ಕ್‌ಟಾಪ್‌ನ ಫೈಲ್ ಮ್ಯಾನೇಜರ್ ನಾಟಿಲಸ್ ಹಾಕಿಕೊಡಿ, ಅದು ಹುಟ್ಟಿನಿಂದಲೇ ಬೋಳು.

ಕೀಲಿಮಣೆ
ಹುಟ್ಟಿನಿಂದಲ್ಲ, ಕತ್ತರಿಸಿ ಬೋಳು ಮಾಡಿದ್ದು. ಎಫ್3 ಒತ್ತಿದರೆ ಕಿಟಕಿ ಎರಡು ಭಾಗವಾಗುತ್ತಿತ್ತು. 2012ರಲ್ಲಿ 3.6 ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕಿದರು. ಅದೇ ವರ್ಷ ಲಿನಕ್ಸ್ ಮಿಂಟ್‌ನವರು 3.4ನ್ನು ಹಿಡಿದು ನೀಮೋ ಕಟ್ಟಿಕೊಂಡದ್ದು ಸುಮ್ಮನೆಯೇ? ನಿಮ್ಮ ಹೆಸರಿನಲ್ಲೇ ಎಫ್ ಮೂರು ಇಟ್ಟುಕೊಂಡು ನಾಟಿಲಸ್ ಹೊಗಳುತ್ತೀರಲ್ಲ.

ಎಫ್ ಮೂರು
ಹೆಸರು ಹಳೆಯದು, ಅಭಿಪ್ರಾಯ ಹೊಸದು. ಎಡದಲ್ಲಿ ಒಂದು, ಬಲದಲ್ಲಿ ಒಂದು ಎಂದರೆ ಹೊಸಬರು ಯಾವುದರಲ್ಲಿ ಇದ್ದೇವೆ ಎಂಬುದನ್ನೇ ಮರೆಯುತ್ತಾರೆ.

ಟರ್ಮಿನಲ್ ಭಕ್ತ
ಎರಡು ಪಟ್ಟಿ ಗೊಂದಲವೇ? ಟರ್ಮಿನಲ್‌ನ ಫೈಲ್ ಮ್ಯಾನೇಜರ್ ಮಿಡ್‌ನೈಟ್ ಕಮಾಂಡರ್ 1994ರಿಂದ ಎರಡು ಪಟ್ಟಿಯಲ್ಲಿಯೇ ನಡೆಯುತ್ತಿದೆ. ಎಫ್5 ನಕಲು, ಎಫ್6 ಸ್ಥಳಾಂತರ, ಎಫ್8 ಅಳಿಸು, ಅಷ್ಟೂ ಪರದೆಯ ತಳದಲ್ಲಿ ಬರೆದೇ ಇರುತ್ತದೆ. ಐಕಾನ್ ಇಲ್ಲ, ಸೈಡ್‌ಬಾರ್ ಇಲ್ಲ, ವಾಪಸ್ ಬರುವ ಮಾತೇ ಇಲ್ಲ. ನನ್ನ ಮೂರೂ ಯಂತ್ರಗಳಲ್ಲಿ ಇದೊಂದೇ. ಕಪ್ಪು ಹಿನ್ನೆಲೆ, ದೊಡ್ಡ ಅಕ್ಷರ, ಮೌಸ್ ಮುಟ್ಟುವುದಿಲ್ಲ. ಚಿತ್ರ ಬೇಕಾದರೆ ಹಾಕುತ್ತೇನೆ.

ಬೇಸತ್ತವಳು
ಬೇಡ. ಅಪ್ಪನಿಗೆ ಮೌಸ್ ಹಿಡಿಯಲು ಕಲಿಸಿದ್ದೇ ದೊಡ್ಡ ಕೆಲಸ.

ಹಳೇಹುಲಿ
ಓದಲು ಮಾತ್ರ ಮಾಡಿದಿರಾ? ಉತ್ತರ ಬರಲಿಲ್ಲ.

ಕಿಂಡಿ
ಸರ್, ಆ ಫೈಲ್ ಬಿಡಿ. ಬೇಸತ್ತವಳು ಅವರೇ, ಒಂದೇ ಪ್ರಶ್ನೆ. ಅಪ್ಪ ತೋರಿಸುವ ಕಿಟಕಿಯಲ್ಲಿ 'ಓಪನ್', 'ಕ್ಯಾನ್ಸಲ್' ಎಂಬ ಎರಡು ಗುಂಡಿಗಳು ಎಲ್ಲಿಯಾದರೂ ಇವೆಯೇ?

ಬೇಸತ್ತವಳು
ಇವೆ. ಅವರು ಬ್ರೌಸರ್‌ನಲ್ಲಿ ಮೇಲ್‌ಗೆ ಫೋಟೋ ಸೇರಿಸಲು ಹೋದಾಗಲೇ ಕರೆಯುವುದು. ಮೇಲ್ಗಡೆ 'ರೀಸೆಂಟ್' ಬೇರೆ ಬಂದಿರುತ್ತದೆ, ಅದನ್ನು ಒತ್ತಿದರೆ ಅವರು ನಿನ್ನೆ ನೋಡಿದ ಬಿಲ್‌ಗಳೆಲ್ಲ ಹರಡಿಕೊಳ್ಳುತ್ತವೆ, ಫೋಟೋ ಎಲ್ಲಿ ಎಂದು ಗಾಬರಿಯಾಗುತ್ತಾರೆ. ಏಕೆ?

ಕಿಂಡಿ
ಅದು ಡಾಲ್ಫಿನ್ ಅಲ್ಲ, ಬ್ರೌಸರ್ ತೋರಿಸುವ ಫೈಲ್ ಆಯ್ಕೆಯ ಕಿಟಕಿ. ಬ್ರೌಸರ್ ಫೈರ್‌ಫಾಕ್ಸ್ ಆಗಿದ್ದರೆ ಅದು ಸಾಮಾನ್ಯವಾಗಿ ಜಿಟಿಕೆ (ಕಿಟಕಿ, ಗುಂಡಿಗಳನ್ನು ಕಟ್ಟಿಕೊಡುವ ಸಾಧನಸಂಗ್ರಹ) ಕಿಟಕಿಯನ್ನು ತೆರೆಯುತ್ತದೆ. ಡಾಲ್ಫಿನ್‌ನಲ್ಲಿ ನೀವು ಮರೆಮಾಡಿದ್ದು ಆ ಕಿಟಕಿಗೆ ಗೊತ್ತೇ ಆಗುವುದಿಲ್ಲ. ಅದು ಮ್ಯೂಸಿಕ್, ವಿಡಿಯೋಸ್‌ನಂಥ ಹೆಸರುಗಳನ್ನು ಯೂಸರ್-ಡಿರ್ಸ್ ಎಂಬ ಫೈಲ್‌ನಿಂದಲೂ ಬುಕ್‌ಮಾರ್ಕ್‌ಗಳನ್ನು ತನ್ನದೇ ಪಟ್ಟಿಯಿಂದಲೂ ಎತ್ತಿಕೊಳ್ಳುತ್ತದೆ. ಕೆಡಿಇಯ ಕಿಟಕಿ ಹಾಗಲ್ಲ, ಅದು ಮತ್ತು ಡಾಲ್ಫಿನ್ ಒಂದೇ ಜಾಗಗಳ ಪಟ್ಟಿಯನ್ನು ಓದುತ್ತವೆ. ಆದ್ದರಿಂದ ಬ್ರೌಸರ್ ಕೆಡಿಇಯ ಕಿಟಕಿಯನ್ನು ಕರೆಯುವಂತೆ ಮಾಡಿದರೆ ಸಾಕು.

ಫೈರ್‌ಫಾಕ್ಸ್‌ನ ವಿಳಾಸದ ಜಾಗದಲ್ಲಿ ಅಬೌಟ್, ಕೋಲನ್, ಕಾನ್ಫಿಗ್ ಎಂದು ಒಟ್ಟಿಗೆ ಟೈಪ್ ಮಾಡಿ. ಎಚ್ಚರಿಕೆ ಬಂದರೆ ಒಪ್ಪಿ ಮುಂದೆ ಹೋಗಿ. 'ಫೈಲ್-ಪಿಕರ್' ಎಂದು ಹುಡುಕಿದರೆ ಡೆಸ್ಕ್‌ಟಾಪ್-ಪೋರ್ಟಲ್ ಎಂದು ಇರುವ ಒಂದು ಸಾಲು ಸಿಗುತ್ತದೆ, ಅದರ ಬೆಲೆ 2 ಇರುತ್ತದೆ. 1 ಮಾಡಿ. ಆ್ಯಪ್‌ಗಳು ಡೆಸ್ಕ್‌ಟಾಪ್‌ನ ಕಿಟಕಿಯನ್ನು ಕರೆಯುವ ದಾರಿಯೇ ಪೋರ್ಟಲ್; ಅದರ ಕೆಡಿಇ ಪ್ಯಾಕೇಜ್ ಇರಲೇಬೇಕು, ಪ್ಲಾಸ್ಮಾ ಜೊತೆ ಅದು ಬಂದಿರುವ ಸಾಧ್ಯತೆಯೇ ಹೆಚ್ಚು.

ಬೇಸತ್ತವಳು
ಎರಡೂ ಫೋಲ್ಡರ್ ತೋರಿಸುತ್ತವೆ, ಎರಡರ ಎಡಕ್ಕೂ ಪಟ್ಟಿ ಇದೆ, ನೋಡುವವರಿಗೆ ಎರಡೂ ಒಂದೇ. ಒಳಗೆ ಇಬ್ಬರು ಬೇರೆ ಬೇರೆ ಯಜಮಾನರು ಕುಳಿತಿದ್ದಾರೆ ಎಂದು ಹೊರಗಿನವರಿಗೆ ಹೇಗೆ ತಿಳಿಯಬೇಕು? ಇರಲಿ. 1 ಮಾಡಿದೆ, ಬ್ರೌಸರ್ ಮುಚ್ಚಿ ತೆರೆದೆ. ಮೂರೇ ಜಾಗ ಕಾಣುತ್ತಿವೆ.

ಎಫ್ ಮೂರು
ಇದಕ್ಕಿಂತ ಸುಲಭ ಉಪಾಯವಿತ್ತು. ಯೂಸರ್-ಡಿರ್ಸ್ ಫೈಲ್‌ನಲ್ಲಿ ಮ್ಯೂಸಿಕ್, ವಿಡಿಯೋಸ್‌ಗಳ ದಾರಿಯನ್ನು ಹೋಮ್ ಫೋಲ್ಡರ್‌ಗೇ ತಿರುಗಿಸಿದರೆ ಜಿಟಿಕೆ ಅವನ್ನು ತೋರಿಸುವುದಿಲ್ಲ.

ಕಿಂಡಿ
ತೋರಿಸುವುದಿಲ್ಲ ನಿಜ. ಆದರೆ ಹಾಡಿನ ಪ್ಲೇಯರ್ 'ಮ್ಯೂಸಿಕ್ ಫೋಲ್ಡರ್ ಎಲ್ಲಿ' ಎಂದು ಕೇಳಿದಾಗಲೂ ಹೋಮ್ ಎಂದೇ ಉತ್ತರ ಸಿಗುತ್ತದೆ, ಇಡೀ ಹೋಮ್ ಜಾಲಾಡಲು ಕೂರುತ್ತದೆ. ಬೇಡದ ಉಸಾಬರಿ.

ಹಳೇಹುಲಿ
ಏನೇ ಇರಲಿ, ಎರಡು ಕಿಟಕಿಯ ಸಮಸ್ಯೆ ಇರುವುದಂತೂ ನಿಜ.

ಕೀಲಿಮಣೆ
ಇರಬಹುದು, ಇಲ್ಲಿ ಅಲ್ಲ.

ಬೇಸತ್ತವಳು
ಇನ್ನೊಂದು. ಬಲ ಕ್ಲಿಕ್ ಮೆನುವಿನಲ್ಲಿ ಟ್ರ್ಯಾಶ್‌ಗೆ ಕಳಿಸುವುದರ ಕೆಳಗೇ 'ಡಿಲೀಟ್' ಕೂಡ ಇದೆ. ಅಪ್ಪ ಕೈ ತಪ್ಪಿ ಅದನ್ನು ಒತ್ತಿದರೆ ಫೋಟೋ ಹೋಯಿತು. ತೆಗೆಯಬಹುದೇ?

ಕಿಂಡಿ
ಡಾಲ್ಫಿನ್ ಕಾನ್ಫಿಗರ್ ಮಾಡುವಲ್ಲಿ 'ಕಾಂಟೆಕ್ಸ್ಟ್ ಮೆನು' ಪುಟಕ್ಕೆ ಹೋಗಿ, 'ಡಿಲೀಟ್' ಮುಂದಿನ ಟಿಕ್ ತೆಗೆಯಿರಿ. ಆದರೂ ಶಿಫ್ಟ್+ಡಿಲೀಟ್ ಕೆಲಸ ಮಾಡುತ್ತಲೇ ಇರುತ್ತದೆ, ಕೀಬೋರ್ಡ್ ಶಾರ್ಟ್‌ಕಟ್‌ಗಳ ಪಟ್ಟಿಗೆ ಹೋಗಿ ಅದನ್ನೂ ಖಾಲಿ ಮಾಡಿ.

ಬೇಸತ್ತವಳು
ಎರಡೂ ಆಯಿತು. ಆದರೆ ಫೋಟೋ ಕತ್ತರಿಸಲು ಗಿಂಪ್ ಹಾಕಿಕೊಟ್ಟಿದ್ದೆ. ಅದರಲ್ಲಿ 'ಓಪನ್' ಕೊಟ್ಟರೆ ಪುನಃ ಆ ಉದ್ದ ಪಟ್ಟಿಯೇ ಬರುತ್ತದೆ. ಅಲ್ಲಿಯೂ ಆ 2ನ್ನು 1 ಮಾಡುವುದು ಎಲ್ಲಿ?

ಟರ್ಮಿನಲ್ ಭಕ್ತ
ಕತ್ತರಿಸಲು ಇಮೇಜ್‌ಮ್ಯಾಜಿಕ್ ಇದೆ. ಟರ್ಮಿನಲ್‌ನಲ್ಲಿ ಒಂದೇ ಸಾಲಿನ ಆದೇಶ.

ಕೀಲಿಮಣೆ
ಗಿಂಪ್‌ಗೆ ಅಂಥ ಸಾಲಿಲ್ಲ, ಅದು ತನ್ನ ಜಿಟಿಕೆ ಕಿಟಕಿಯನ್ನೇ ತೆರೆಯುತ್ತದೆ. ಬರೀ ಕತ್ತರಿಸಲು ಗಿಂಪ್ ಏಕೆ? ಫೋಟೋ ನೋಡುವ ಗ್ವೆನ್‌ವ್ಯೂ ಕೊಡಿ. ಅದು ಕೆಡಿಇಯದೇ, ಜಾಗಗಳ ಪಟ್ಟಿ ಡಾಲ್ಫಿನ್‌ನದೇ, ಕತ್ತರಿಸುವ ಸಾಧನವೂ ಇದೆ.

ಎಫ್ ಮೂರು
ಗ್ವೆನ್‌ವ್ಯೂ ತೆರೆದ ಕೂಡಲೇ ಬರುವ ಪುಟದಲ್ಲಿಯೂ ಇತ್ತೀಚಿನ ಫೋಲ್ಡರ್‌ಗಳ ಸಾಲು ಇರುತ್ತದಲ್ಲ.

ಬೇಸತ್ತವಳು
ಅಯ್ಯೋ. ಅದನ್ನು ಮರೆಮಾಡುವುದು ಹೇಗೆ?