ಲಕ್ವ ಹೊಡೆದವರ ಕೈ ಹಿಡಿದು ಎಳೆಯಬೇಡಿ: ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮದ್ದೂರು ಕಡೆಯಿಂದ): ಮೇಡಂ ನಮಸ್ಕಾರ. ನಮ್ಮ ತಂದೆಗೆ 62 ವರ್ಷ. ಐದು ವಾರದ ಹಿಂದೆ ಗದ್ದೆಯಿಂದ ಬಂದು ಕೈಕಾಲು ತೊಳೀತಿದ್ದಾಗ ಬಲಗಡೆ ಲಕ್ವ ಹೊಡೀತು. ಈಗ ಮನೇಲಿದ್ದಾರೆ. ಕಾಲು ಸ್ವಲ್ಪ ಅಲ್ಲಾಡಿಸ್ತಾರೆ, ಕೈ ಪೂರ್ತಿ ಇಳಿಬಿದ್ದಿದೆ. ಏನು ಕೇಳಿದ್ರೂ "ಆಯ್ತು ಆಯ್ತು" ಅಂತಾರೆ, ಬೇರೆ ಮಾತಿಲ್ಲ. ಎಬ್ಬಿಸಿ ಕೂರಿಸುವಾಗ ಭುಜ ನೋಯುತ್ತೆ ಅಂತ ಮುಖ ಕಿವುಚ್ತಾರೆ. ಫಿಸಿಯೋದವರು ವಾರಕ್ಕೆ ಎರಡು ಸಲ ಬರ್ತಾರೆ. ಅಷ್ಟು ಸಾಕಾ, ದಿನಾ ಮೈಸೂರಿಗೆ ಕರ್ಕೊಂಡು ಬರಬೇಕಾ? ದಿನಾ ಕಾರು ಬಾಡಿಗೆ ಕೊಡೋ ಶಕ್ತಿ ನಮಗಿಲ್ಲ.

ಉತ್ತರ: ನಮಸ್ಕಾರ. ಮೊದಲು ಭುಜದ ವಿಷಯ, ಅದು ಇವತ್ತೇ ಸರಿಯಾಗಬೇಕು. ಎಬ್ಬಿಸುವಾಗ ಆ ಬಲಗೈಯನ್ನೇ ಹಿಡಿದು ಎಳೀತಿದ್ದೀರಾ, ಇಲ್ಲ ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದೀರಾ? ಹೆಚ್ಚಿನ ಮನೆಗಳಲ್ಲಿ ಹಾಗೇ ಮಾಡ್ತಾರೆ, ಪ್ರೀತಿಯಿಂದಲೇ ಮಾಡ್ತಾರೆ. ಆದರೆ ಭುಜದ ಕೀಲಿನ ಗುಳಿ ಬಹಳ ಆಳವಿಲ್ಲ, ತೋಳಿನ ಮೂಳೆಯನ್ನು ಜಾಗದಲ್ಲಿ ಹಿಡಿದಿಡೋದು ಸುತ್ತಲಿನ ಸ್ನಾಯುಗಳು. ಅವು ಸೋತಾಗ ಕೈಯ ಭಾರಕ್ಕೇ ಮೂಳೆ ಕೆಳಗೆ ಜಗ್ಗುತ್ತೆ. ಭುಜದ ತುದಿ ಮೂಳೆಯ ಕೆಳಗೆ ಮೆಲ್ಲಗೆ ಬೆರಳಿಟ್ಟು ನೋಡಿ, ಕೆಲವರಿಗೆ ಒಂದು ಬೆರಳಿನಷ್ಟು ಹಳ್ಳ ಸಿಗುತ್ತೆ. ಅಂಥ ಕೈಯನ್ನು ಎಳೆದರೆ ನೋವು ತಿಂಗಳುಗಟ್ಟಲೆ ಉಳಿಯುತ್ತೆ, ನೋವಿದ್ದ ಕೈಯನ್ನು ಅವರು ವ್ಯಾಯಾಮಕ್ಕೆ ಕೊಡೋದೇ ಇಲ್ಲ.

ಎಬ್ಬಿಸೋದು ಹೀಗೆ: ಮಗ್ಗುಲಿಗೆ ಹೊರಳಿಸಿ, ಎರಡೂ ಕಾಲು ಮಂಚದಿಂದ ಕೆಳಗಿಳಿಸಿ, ನಿಮ್ಮ ಒಂದು ಕೈ ಅವರ ಬೆನ್ನಿನ ಹೆಗಲ ಮೂಳೆಯ ಹಿಂದೆ, ಇನ್ನೊಂದು ಸೊಂಟದ ಮೇಲೆ. ಕೂತಾಗ ಬಲಗೈ ತೊಡೆಯ ಮೇಲಿನ ದಿಂಬಿನ ಮೇಲಿರಲಿ, ನೇತಾಡಬಾರದು. ಕೈಯನ್ನು ಕೊರಳಿಗೆ ತೂಗುಹಾಕೋ ಜೋಳಿಗೆ ಪಟ್ಟಿ ನಡೆಸುವಾಗ ಮಾತ್ರ. ದಿನವಿಡೀ ಕಟ್ಟಿಟ್ಟರೆ ಮೊಣಕೈ ಮಡಚಿಕೊಂಡೇ ಬಿಗಿಯಾಗುತ್ತೆ.

ಇನ್ನು ಮೈಸೂರಿನ ಪ್ರಶ್ನೆ. ದಿನಾ ಬರಬೇಕಿಲ್ಲ. ಕ್ಲಿನಿಕ್‌ನಲ್ಲಿ ನಾವು ಒಂದು ಗಂಟೆ ಮಾಡಿಸಿದರೆ ಉಳಿದ ಇಪ್ಪತ್ಮೂರು ಗಂಟೆ ಅವರು ಮನೆಯಲ್ಲೇ ಇರ್ತಾರೆ. ಮಿದುಳು ಹೊಸ ದಾರಿ ಹುಡುಕೋದು ಒಂದೇ ಕೆಲಸವನ್ನು ನೂರಾರು ಸಲ ಮಾಡಿದಾಗ. ಹದಿನೈದು ದಿನಕ್ಕೊಮ್ಮೆ ಬಂದರೆ ತಪ್ಪು ತಿದ್ದಿ ಮುಂದಿನ ಹಂತ ಹೇಳಿಕೊಡ್ತೀವಿ. ಮನೆಗೆ ಬರೋರನ್ನು ಬಿಡಬೇಡಿ, ಅವರು ಮಾಡಿಸೋದನ್ನು ಪಕ್ಕದಲ್ಲಿ ನಿಂತು ಕಲಿತುಕೊಳ್ಳಿ.

ಈಗಲೇ ಶುರು ಮಾಡಬಹುದಾದದ್ದು ಕೂತು ಏಳೋದು. ಜಗಲಿ ಎತ್ತರವಿದ್ದರೆ ಅದೇ ಸಾಕು, ತಗ್ಗಾಗಿದ್ದರೆ ಕಂಬಳಿ ಮಡಚಿ ಹಾಕಿ. ಪಾದಗಳು ಮಂಡಿಗಿಂತ ಹಿಂದಿರಲಿ, ಮೂಗು ಮಂಡಿ ದಾಟುವಷ್ಟು ಮುಂದೆ ಬಾಗಿಸಿ, ಬಲಗಾಲಿನ ಮೇಲೂ ಭಾರ ಬೀಳುವ ಹಾಗೆ ಎಬ್ಬಿಸಿ. ಬಲಗಡೆ ನೀವೇ ನಿಂತಿರಬೇಕು. ಹತ್ತು ಸಲ, ದಿನಕ್ಕೆ ಮೂರ್ನಾಲ್ಕು ಹೊತ್ತು. ಸುಸ್ತಾದರೆ ನಿಲ್ಲಿಸಿ.

ಮಾತಿಗೆ: ಬಲಗಡೆ ಲಕ್ವ ಅಂದ್ರೆ ಎಡ ಮಿದುಳಿಗೆ ಪೆಟ್ಟು. ಬಹಳ ಜನರಿಗೆ ಭಾಷೆ ಇರೋದು ಅಲ್ಲೇ. ಬುದ್ಧಿ ಹೋಗಿದೆ ಅಂತ ತಿಳಿದು ಅವರ ಎದುರೇ ಅವರ ಬಗ್ಗೆ ಮಾತಾಡಬೇಡಿ, ದಯವಿಟ್ಟು. "ಏನು ಬೇಕಪ್ಪ?" ಅನ್ನೋ ಬದಲು ಕಾಫಿ ಲೋಟ, ಹಾಲಿನ ಲೋಟ ಎರಡನ್ನೂ ತೋರಿಸಿ "ಯಾವುದು?" ಅನ್ನಿ. ಉತ್ತರಕ್ಕೆ ಕಾಯಿರಿ. ಅವರು ದಿನಾ ಹೇಳ್ತಿದ್ದ ದೇವರ ಹಾಡು ಹಾಡಿ ನೋಡಿ, ಮಾತು ಬಾರದವರೂ ಹಾಡಿನ ಸಾಲು ಹಿಡಿಯೋದುಂಟು. ಮೈಸೂರಿಗೆ ಬರೋ ದಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೂ ಹೋಗಿ. 1965ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ ಅದು. ಇಷ್ಟು ಹತ್ತಿರ ಇರೋದು ನಮ್ಮ ಕಡೆಯವರ ಪುಣ್ಯ.

ಮದ್ದೂರು ಕಡೆಯವರೇ ಮತ್ತೆ: ತುಂಬಾ ಥ್ಯಾಂಕ್ಸ್ ಮೇಡಂ. ಕೈ ಎಳೀತಿದ್ದದ್ದು ನಾನೇ. ಮುದ್ದೆ ಕೊಡಬಹುದಾ? ಸನ್ನೆ ಮಾಡಿ ಕೇಳ್ತಾರೆ. ನೀರು ಕುಡಿದಾಗ ಕೆಮ್ಮು ಬರುತ್ತೆ.

ಉತ್ತರ: ಗೊತ್ತಿಲ್ಲದೆ ಆಗಿದ್ದು, ಕೊರಗಬೇಡಿ. ಮುದ್ದೆ ಸದ್ಯಕ್ಕೆ ಬೇಡವೇ ಬೇಡ. ನಾವು ಮುದ್ದೆಯನ್ನು ಅಗಿಯದೆ ನುಂಗುವವರು, ಗಂಟಲ ಸ್ನಾಯು ಸೋತಾಗ ಅದು ಸಿಕ್ಕಿಕೊಳ್ಳುತ್ತೆ. ನೀರಿಗೆ ಕೆಮ್ಮು ಬರುತ್ತೆ ಅಂದ್ರೆ ಶ್ವಾಸಕೋಶದ ಕಡೆ ಹೋಗ್ತಿರಬಹುದು, ನ್ಯುಮೋನಿಯಾ ಆಗಬಹುದು. ಕೆಮ್ಮಿಲ್ಲದೆಯೂ ಹೋಗುತ್ತೆ, ಕುಡಿದ ಮೇಲೆ ದನಿ ಗೊರಗೊರ ಅಂದ್ರೆ ಅದೂ ಗುರುತೇ. ಇದಕ್ಕೆ ಹದಿನೈದು ದಿನ ಕಾಯಬೇಡಿ, ಈ ವಾರವೇ ಸ್ಪೀಚ್ ಥೆರಪಿಸ್ಟ್‌ಗೆ ತೋರಿಸಿ. ನುಂಗೋದನ್ನು ನೋಡೋರೂ ಅವರೇ, ಯಾವ ಹದದ ಆಹಾರ ಅಂತ ಅವರೇ ಹೇಳಬೇಕು. ಅಲ್ಲಿವರೆಗೆ ಮಲಗಿಸಿ ಏನೂ ಕೊಡಬೇಡಿ. ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ಕೊಟ್ಟು, ಊಟವಾದ ಮೇಲೂ ಅರ್ಧ ಗಂಟೆ ಕೂತಿರಲಿ. ಜ್ವರ ಬಂದರೆ ತಕ್ಷಣ ಆಸ್ಪತ್ರೆ.

ಪ್ರಶ್ನೆ (ಮೈಸೂರಿನ ಮಹಿಳೆಯೊಬ್ಬರಿಂದ): ನಮ್ಮಮ್ಮನಿಗೆ ಎಡಗಡೆ ಆಗಿದೆ. ಎಲೆ ಹಾಕಿ ಬಡಿಸಿದ್ರೆ ಬಲಗಡೆ ಇರೋದನ್ನಷ್ಟೇ ತಿಂದು "ಉಪ್ಪಿನಕಾಯಿ ಯಾಕೆ ಹಾಕಿಲ್ಲ" ಅಂತ ಬೈತಾರೆ. ಕಣ್ಣು ಹೋಗಿದೆಯಾ?

ಉತ್ತರ: ನೋಟವನ್ನೂ ಪರೀಕ್ಷೆ ಮಾಡಿಸಿ. ಆದರೆ ಬಲ ಮಿದುಳಿಗೆ ಪೆಟ್ಟಾದಾಗ ಎಡಗಡೆಯ ಲೋಕವೇ ಗಮನದಿಂದ ಜಾರಿಹೋಗೋದುಂಟು. ಉಪ್ಪು, ಉಪ್ಪಿನಕಾಯಿ ಬಡಿಸೋದು ಎಲೆಯ ಎಡಕ್ಕೆ ತಾನೆ? ಅವರಿಗೆ ಅದು ಇಲ್ಲವೇ ಇಲ್ಲ, ಹಟ ಅಲ್ಲ. ಎಡಗಡೆ ಕೂತು ಮಾತಾಡಿಸಿ, ಎಲೆಯ ಎಡ ಅಂಚಿಗೆ ಕೆಂಪು ರಿಬ್ಬನ್ ಇಟ್ಟು "ಕೆಂಪು ಕಾಣೋವರೆಗೂ ತಿರುಗಿಮ್ಮ" ಅನ್ನಿ. ಒಬ್ಬರನ್ನೇ ರಸ್ತೆ ದಾಟಲು, ಒಲೆ ಹತ್ತಿರ ಹೋಗಲು ಬಿಡಬೇಡಿ.

ಪ್ರಶ್ನೆ: ನಮ್ಮೂರಲ್ಲಿ ಪಾರಿವಾಳದ ರಕ್ತ ಹಚ್ಚಿದ್ರೆ ವಾಸಿ ಅಂತಾರೆ. ಆಗಲೇ ಎಂಟು ತಿಂಗಳಾಯ್ತು, ಇನ್ನು ಥೆರಪಿಯಿಂದ ಪ್ರಯೋಜನ ಇದೆಯಾ?

ಉತ್ತರ: ಪೆಟ್ಟಾಗಿರೋದು ಮಿದುಳಿಗೆ, ಚರ್ಮಕ್ಕೆ ಹಚ್ಚಿದ ರಕ್ತ ಅಲ್ಲಿಗೆ ತಲುಪಲ್ಲ. ಎಣ್ಣೆ ಮೆಲ್ಲಗೆ ಸವರಬಹುದು, ಆದರೆ ಒಂದು ಮೀನಖಂಡ ಊದಿ ಬಿಸಿಯಾಗಿದ್ದರೆ ತಿಕ್ಕದೆ ಡಾಕ್ಟರಿಗೆ ತೋರಿಸಿ, ರಕ್ತ ಹೆಪ್ಪುಗಟ್ಟಿರಬಹುದು. ನಾಟಿ ಔಷಧಿ ನಂಬಿ ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ಎಂಟು ತಿಂಗಳು ತಡವಲ್ಲ. ಮೊದಲ ಮೂರು ತಿಂಗಳ ವೇಗ ಈಗ ಇರಲ್ಲ, ಆದರೂ ಅಭ್ಯಾಸಕ್ಕೆ ಕೈ ಕಲಿಯುತ್ತೆ. ಬೆರಳು ತಾನಾಗೇ ಮುಚ್ಚಿಕೊಳ್ತಿದ್ದರೆ ಸ್ಮೈಲಿ ಚೆಂಡು ಹಿಸುಕಿಸೋದು ಬಿಡಿ, ಬೇಕಿರೋದು ಬಿಚ್ಚೋ ಕೆಲಸ. ಟವೆಲ್ ಹಾಸಿ ಮೇಜು ಒರೆಸಲಿ, ಲೋಟ ಹಿಡಿದು ಬಿಡಲಿ. ಬೆರಳು ಸ್ವಲ್ಪ ಆಡುತ್ತಿದ್ದರೆ ನೆನೆಸಿದ ಅವರೆಕಾಳು ಹಿದುಕಲಿ. ಬರುವಾಗ ಮಾತ್ರೆ ಚೀಟಿ, ಮನೇಲಿ ಹಾಕೋ ಚಪ್ಪಲಿ, ಅವರು ನಡೆಯೋ ವಿಡಿಯೋ ತನ್ನಿ. ಬಚ್ಚಲುಮನೆ ಬಾಗಿಲಿನ ಫೋಟೋ ಕೂಡ. ಹೊಸ್ತಿಲು ಎಷ್ಟು ಎತ್ತರ ಅಂತ ನೋಡಿಯೇ ಹೆಜ್ಜೆ ಹೇಳಿಕೊಡಬೇಕು.