ತೂಗುಸೇತುವೆಗೆ ಹೊಸ ಹಲಗೆ: ದಪ್ಪ ಕಾಂಕ್ರೀಟ್ ಹಾಕಬಹುದಾ?

ಹೊಳೆಸಾಲು, ಕುಮಟಾ
ನಮ್ಮೂರ ತೂಗುಸೇತುವೆಯ ಸಿಮೆಂಟ್ ಹಲಗೆಗಳು ಹಾಳಾಗಿವೆ. ಕೆಲವದರಲ್ಲಿ ಒಳಗಿನ ಜಾಳಿಗೆಯೇ ಕಾಣುತ್ತದೆ. ಮೊನ್ನೆ ಹಾಲಿನ ಕ್ಯಾನ್ ಹಿಡಿದು ಬರುವಾಗ ಕಾಲಡಿಯ ಹಲಗೆ ಕಟಕ್ ಅಂತು, ಜೀವ ಬಾಯಿಗೆ ಬಂತು. ಊರವರು ಸೇರಿ ದುಡ್ಡು ಒಟ್ಟು ಮಾಡಿದ್ದೇವೆ. ನಾಲ್ಕಿಂಚು ಕಾಂಕ್ರೀಟ್ ಹಾಕಿಬಿಡೋಣ, ಬೈಕೂ ಹೋಗಲಿ ಅನ್ನುತ್ತಾರೆ ಕೆಲವರು. ಉದ್ದ 200 ಅಡಿ, ಅಗಲ 4 ಅಡಿ.

ಶಿರಸಿ ಸಿವಿಲ್
ಬೇಡ ಮಾರಾಯ್ರೇ! ಲೆಕ್ಕ ನೋಡಿ. ಒಂದಿಂಚಿನ ಹಲಗೆಯಾದರೆ ಒಟ್ಟು 4.5 ಟನ್, ನಾಲ್ಕಿಂಚಾದರೆ 18 ಟನ್. ಹೊರುವುದು ಅದೇ ಹಳೇ ರೋಪು. ಗುಜರಾತಿನ ಮೋರ್ಬಿಯ ತೂಗುಸೇತುವೆಯಲ್ಲಿ ಮರದ ಹಲಗೆ ತೆಗೆದು ಅಲ್ಯುಮಿನಿಯಂ ಹಾಕಿದರು, ರೋಪು ಮಾತ್ರ ಹಳೇದೇ. ತೆರೆದು ನಾಲ್ಕೇ ದಿನಕ್ಕೆ, 2022ರ ಅಕ್ಟೋಬರ್ 30ರಂದು ಬಿತ್ತು, 135 ಜನ ಹೋದರು. ಒಂದು ರೋಪಿನ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದಿದ್ದವು ಅಂತ ತನಿಖೆಯಲ್ಲಿ ಗೊತ್ತಾಯಿತು.
ಅಮೆರಿಕದ ಗೋಲ್ಡನ್ ಗೇಟ್ ತೂಗುಸೇತುವೆಯಲ್ಲಿ ಮಾಡಿದ್ದು ನೀವು ಹೇಳಿದ್ದಕ್ಕೆ ಉಲ್ಟಾ. ಅಲ್ಲೂ ಸಮುದ್ರದ ಉಪ್ಪು ಮಂಜಿಗೆ ಕಾಂಕ್ರೀಟಿನ ಒಳಗಿನ ಕಬ್ಬಿಣ ತುಕ್ಕು ಹಿಡಿದಿತ್ತು. 1982ರಿಂದ 85ರವರೆಗೆ 401 ರಾತ್ರಿ ಕೆಲಸ ಮಾಡಿ ಆ ಕಾಂಕ್ರೀಟ್ ತೆಗೆದು 747 ಉಕ್ಕಿನ ತುಂಡು ಕೂರಿಸಿದರು. ಹಗಲು ವಾಹನ ಓಡಾಡುತ್ತಲೇ ಇತ್ತು. ತೂಕ 11,000 ಟನ್‌ಗಿಂತ ಜಾಸ್ತಿ ಇಳಿಯಿತು.

ಹೊಳೆಸಾಲು, ಕುಮಟಾ
ಅಷ್ಟೆಲ್ಲ ನಮ್ಮಿಂದ ಆಗುತ್ತಾ? ನಮ್ಮ ಹತ್ತಿರ ಇರುವುದು ಒಂದು ದೋಣಿ, ನಾಲ್ಕು ಜನ. ಈ ದಡದಿಂದ ಬಿಚ್ಚುತ್ತಾ ಹೋಗೋಣ ಅಂತಿದ್ದೆವು.

ಕಾರವಾರ ವೆಲ್ಡಿಂಗ್
ಒಂದೇ ದಡದಿಂದ ಬಿಚ್ಚಬೇಡಿ. ತೂಕ ಇದ್ದಲ್ಲಿ ರೋಪು ತಗ್ಗುತ್ತದೆ, ಇಲ್ಲದಲ್ಲಿ ಮೇಲೇಳುತ್ತದೆ. ಸೇತುವೆ ಸೊಟ್ಟಗಾಗಿ ಉಳಿದ ಹಲಗೆಗಳೂ ಒಡೆಯುತ್ತವೆ. ಒಂದು ಹಲಗೆ ತೆಗೆದರೆ ಅಲ್ಲೇ ಹೊಸದು ಕೂರಿಸಿ, ಆಮೇಲೆ ಎದುರು ದಡದಿಂದ ಅಷ್ಟೇ ದೂರದಲ್ಲಿರುವ ಜೋಡಿ ಹಲಗೆಗೆ ಹೋಗಿ. ಅಲ್ಯುಮಿನಿಯಂ ಹಾಕುವುದಾದರೆ ಕಬ್ಬಿಣಕ್ಕೆ ನೇರ ತಾಗದ ಹಾಗೆ ನಡುವೆ ರಬ್ಬರ್ ಕೊಡಿ, ನಮ್ಮ ಉಪ್ಪು ಗಾಳಿಗೆ ಎರಡೂ ಕೂಡಿದಲ್ಲೇ ತಿಂದುಹೋಗುತ್ತದೆ.
ಅದಕ್ಕೂ ಮೊದಲು ರೋಪು ನೆಲಕ್ಕೆ ಇಳಿಯುವ ಜಾಗ ನೋಡಿ. ಎಲೆ, ಮಣ್ಣು ಕೂತು ಸದಾ ಒದ್ದೆ ಇರುವ ಜಾಗ ಅದೇ. ಅಲ್ಲಿ ತಂತಿ ಕಡಿದಿದ್ದರೆ ಹಲಗೆಗೆ ದುಡ್ಡು ಸುರಿಯುವುದು ಸುಮ್ನೆ. ತಿಳಿದ ಎಂಜಿನಿಯರ್ ಒಬ್ಬರನ್ನು ಕರೆಸಿ, ಅಲ್ಲೀವರೆಗೆ ಒಬ್ಬೊಬ್ಬರೇ ದಾಟಿ.

ಹೊಳೆಸಾಲು, ಕುಮಟಾ
ಬೆಳಿಗ್ಗೆ ಹೋಗಿ ಕೆರೆದು ನೋಡಿದೆ. ಆಚೆ ದಡದಲ್ಲಿ ಮೊಣಕಾಲುದ್ದ ಮಣ್ಣು. ಒಳಗೆ ಮೂರು ತಂತಿ ಕಡಿದು ಪೊರಕೆ ಕಡ್ಡಿಯ ಹಾಗೆ ಬಿಚ್ಚಿಕೊಂಡಿವೆ. ಎರಡೂ ಕಡೆ ಹಗ್ಗ ಕಟ್ಟಿ ದಾರಿ ಮುಚ್ಚಿದ್ದೇವೆ. ಬೈಕಿನವರು ಇನ್ನೂ ಜಗಳ ಮಾಡ್ತಾ ಇದ್ದಾರೆ.